ಜಾಳಿ ತೆಗೆದವನು ನಾನೇ

ಪೆಡಲ್ ಒಮ್ಮೆ ತುಳಿದರೆ ತಗಡು ಒತ್ತುವ ಪ್ರೆಸ್ಸು ಒಮ್ಮೆ ಮಾತ್ರ ಬಡಿಯಬೇಕು. ಆ ದಿನ ಬೆಳಿಗ್ಗೆ ಎರಡು ಸಲ ಬಡಿದ ಸದ್ದು ಕೇಳಿಸಿತು. ನಾನು ಶೆಡ್ಡಿನ ಇನ್ನೊಂದು ತುದಿಯಲ್ಲಿ ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದೆ. ಮೊದಲನೆಯ ಸದ್ದು ಗಟ್ಟಿ, ಎರಡನೆಯದು ಮೆತ್ತಗೆ. ಎಣ್ಣೆಯ ಡಬ್ಬಿ ಬಿಸಾಡಿ ಓಡಿದೆ. ಕೂಗು ಬಂದದ್ದು ಆಮೇಲೆ.

ಪುಣೆಯ ಪೇಟೆಗಳ ಅಂಚಿನಲ್ಲಿದ್ದ ಆ ಕಾರ್ಖಾನೆಯಲ್ಲಿ ಹಿತ್ತಾಳೆಯ ಡಬ್ಬಿಗಳನ್ನು ಮಾಡುತ್ತಿದ್ದರು. ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರ್ ನಾನೊಬ್ಬನೇ. ಮೂರನೆಯ ಪ್ರೆಸ್ಸಿನ ಮುಂದೆ ಕೂತು ಡಬ್ಬಿಯ ಮುಚ್ಚಳ ಒತ್ತುವ ಹೆಂಗಸನ್ನು ಎಲ್ಲರೂ ಝಾಕಣವಾಲಿ ಎಂದೇ ಕರೆಯುತ್ತಿದ್ದರು. ಮರಾಠಿಯಲ್ಲಿ ಝಾಕಣ ಎಂದರೆ ಮುಚ್ಚಳ. ವಿಜಾಪುರದ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಇಡೀ ಶೆಡ್ಡಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು, ನಾನು ಅಕ್ಕಾ ಎನ್ನುತ್ತಿದ್ದೆ.

ನಾನು ತಲುಪುವಷ್ಟರಲ್ಲಿ ಪ್ರೆಸ್ಸು ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತ್ತು. ತಗಡು ಮಡಚಿಕೊಂಡು ಅಚ್ಚಿನೊಳಗೆ ಕಚ್ಚಿತ್ತು, ಅದರ ಜೊತೆಗೆ ಅವಳ ಬಲಗೈಯೂ. ಮೇಲೆ ಗಾಲಿ ತಿರುಗಿಸುವ ಚರ್ಮದ ಪಟ್ಟಾ ಕಿರುಗುಟ್ಟುತ್ತ ಇನ್ನೂ ಎಳೆಯುತ್ತಲೇ ಇತ್ತು. ಬಿದಿರಿನ ಕೋಲಿನಿಂದ ಪಟ್ಟಾವನ್ನು ಜಾರಿಸಿ ಕೆಡವಿದೆ. ಕೂಲಿಗಳ ಮೇಲ್ವಿಚಾರಕ ಮುಕಾದಮನು ಗಾಬರಿಯಲ್ಲಿ ದೊಡ್ಡ ಗಾಲಿಗೆ ಕೈಹಾಕಿ ಮುಂದಕ್ಕೆ ತಿರುಗಿಸಲು ಹೊರಟಿದ್ದ. ಮುಂದಕ್ಕೆ ತಿರುಗಿಸಿದರೆ ಅಚ್ಚು ಇನ್ನೂ ಕೆಳಗೆ ಇಳಿಯುತ್ತದೆ. ಅದನ್ನು ನಾನು ಹೇಳುವ ಮೊದಲೇ ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು:

"ಹಿಂದಕ್ಕ, ತಮ್ಮಾ. ಹಿಂದಕ್ಕ ತಿರುವು."

ಗಾಲಿಯ ಆರೆಗಳ ನಡುವೆ ಹಾರೆ ಕೊಟ್ಟು ಹಿಂದಕ್ಕೆ ಮೀಟಿದೆ. ಅಂಗುಲ, ಎರಡಂಗುಲ. ಕೈ ಬಿಡಿಸಿಕೊಂಡಿತು. ಹೆಬ್ಬೆರಳೂ ಕಿರುಬೆರಳೂ ಉಳಿದಿದ್ದವು. ನಡುವಿನ ಮೂರೂ ಉಳಿದಿರಲಿಲ್ಲ. ನನ್ನ ಧೋತರದ ಅಂಚು ಹರಿದು ಮುಂಗೈಗೆ ಬಿಗಿದು, ಟಾಂಗಾದಲ್ಲಿ ಕೂರಿಸಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾ ಒಮ್ಮೆನ ತುಳದೀನಿ. ಒಮ್ಮೆನ."

ಅದು ನಿಜವೆಂದು ನನಗೆ ಗೊತ್ತಿತ್ತು. ಪೆಡಲ್ ತುಳಿದಾಗ ಒಂದು ಪಿನ್ನು ಗಾಲಿಗೆ ಸಿಕ್ಕಿ ಪ್ರೆಸ್ಸನ್ನು ಒಂದು ಸುತ್ತು ತಿರುಗಿಸುತ್ತದೆ. ಸುತ್ತು ಮುಗಿದೊಡನೆ ಒಂದು ಕೊಂಡಿ ಆ ಪಿನ್ನನ್ನು ಹೊರಗೆಳೆಯುತ್ತದೆ. ಕೊಂಡಿಯ ಮೂತಿ ಸವೆದರೆ ಪಿನ್ನು ಹೊರಗೆ ಬರದೆ, ಯಾರೂ ತುಳಿಯದಿದ್ದರೂ ಪ್ರೆಸ್ಸು ಮತ್ತೊಮ್ಮೆ ಇಳಿಯುತ್ತದೆ. ಮೂರನೆಯ ಪ್ರೆಸ್ಸಿನ ಕೊಂಡಿ ಸವೆದಿದೆ, ಬದಲಿಸಲು ಅರ್ಧ ದಿನ ಯಂತ್ರ ನಿಲ್ಲಿಸಬೇಕು ಎಂದು ಮ್ಯಾನೇಜರ್ ಸಾಹೇಬರಿಗೆ ಎರಡು ಸಲ ಹೇಳಿದ್ದೆ. ಈ ಆರ್ಡರು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು.

ಆದರೆ ಕೊಂಡಿ ಸವೆದಿದ್ದರೂ ಕೈ ಹೋಗಬೇಕಾಗಿರಲಿಲ್ಲ. ಅಚ್ಚಿನ ಮುಂದೆ ಕಬ್ಬಿಣದ ಜಾಳಿಯೊಂದು ಇರಬೇಕಿತ್ತು. ತಗಡು ತೂರುವಷ್ಟು ಸಂದು, ಬೆರಳು ತೂರದಷ್ಟು ಸಂದು. ಆ ಜಾಳಿ ಶ್ರಾವಣದಿಂದ ಉಗ್ರಾಣದ ಮೂಲೆಯಲ್ಲಿ ಬಿದ್ದಿತ್ತು. ಜಾಳಿ ಇದ್ದರೆ ಕೆಲಸ ನಿಧಾನ ಎಂದು ಮ್ಯಾನೇಜರ್ ಸಾಹೇಬರು ಅದನ್ನು ತೆಗೆಸಿದ್ದರು. ತೆಗೆದವನು ನಾನೇ. ನಾಲ್ಕು ಬೋಲ್ಟು, ಅವನ್ನು ಬಿಚ್ಚುವ ಒಂದು ಪಾನಾ, ಕಾಲು ಗಂಟೆಯ ಕೆಲಸ. ತೆಗೆಯುವಾಗ ಒಂದು ಮಾತೂ ಆಡಿರಲಿಲ್ಲ.

ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮ್ಯಾನೇಜರ್ ಸಾಹೇಬರು ಶೆಡ್ಡಿನಲ್ಲೇ ನಿಂತಿದ್ದರು. ಅವರು ಕೆಟ್ಟ ಬಾಯಿಯವರಲ್ಲ. ಮೆಲ್ಲಗೆ ಮಾತಾಡುವವರು. ಮರಾಠಿಯಲ್ಲಿ ಹೇಳಿದರು: "ಕೊಂಡಿ ಇವತ್ತೇ ಬದಲಿಸು. ಜಾಳಿಯನ್ನೂ ಇವತ್ತೇ ಕೂಡಿಸು."

ಕೂಡಿಸಿದೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ಸಂಜೆಯ ಕೆಲಸವನ್ನು ವಿವರವಾಗಿ ಹೇಳಬೇಕು, ಮುಂದಿನದೆಲ್ಲ ನಿಂತದ್ದು ಅದರ ಮೇಲೆ. ಜಾಳಿಗೆ ಎಡಕ್ಕೊಂದು ಬಲಕ್ಕೊಂದು ಪಾದ. ಒಂದೊಂದು ಪಾದಕ್ಕೆ ಎರಡೆರಡು ಬೋಲ್ಟು. ಬೋಲ್ಟುಗಳು ರಂಧ್ರದೊಳಗೆ ಹೋಗಲೊಲ್ಲವು. ಬಗ್ಗಿ ನೋಡಿದರೆ ರಂಧ್ರದ ತಿರುಪಿನ ಸುತ್ತುಗಳ ತುಂಬ ಹಸಿರು ಬಣ್ಣ ಗಟ್ಟಿಯಾಗಿ ಕೂತಿತ್ತು. ಸುತ್ತು ಕೊರೆಯುವ ಟ್ಯಾಪು ಹಾಕಿ ತಿರುಗಿಸಿ ಆ ಬಣ್ಣ ತೆಗೆದೆ. ಹಸಿರು ಪುಡಿ ಅಂಗೈಗೆ ಉದುರಿತು. ಒರೆಸಿಕೊಂಡು ಬೋಲ್ಟು ಬಿಗಿದೆ.

ಮರುದಿನ ಒಂದು ಕಾಗದ ನನ್ನ ಮುಂದೆ ಬಂತು. ಇಂಗ್ಲಿಷಿನಲ್ಲಿತ್ತು. ಮ್ಯಾನೇಜರ್ ಸಾಹೇಬರು ಓದಿ ಅರ್ಥ ಹೇಳಿದರು: ಯಂತ್ರಕ್ಕೆ ಜಾಳಿ ಇತ್ತು, ಅದನ್ನು ತೆಗೆಯಬಾರದೆಂದು ಗೋಡೆಯ ಮೇಲೆ ಹಲಗೆ ಇತ್ತು, ಈ ಹೆಂಗಸು ಬೇಗ ಕೆಲಸ ಮುಗಿಸುವ ಆಸೆಗೆ ತಾನೇ ಜಾಳಿ ತೆಗೆದಳು. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಬಿಟ್ಟಿತ್ತು.

"ನೀನು ಫಿಟ್ಟರ್. ನಿನ್ನ ಸಹಿಗೆ ಬೆಲೆ ಇದೆ," ಎಂದರು.

ನಾಳೆ ಮಾಡುತ್ತೇನೆ ಎಂದೆ. ಆಗಿನ ನನ್ನ ಧೈರ್ಯ ಅಷ್ಟೇ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕೆಲಸಾ ಹೋದ್ರ ಊರಿಗೆ ಹೋಗೋಣು. ಹೊಲದಾಗ ದುಡದು ಉಂಡ್ರಾತು," ಎಂದಳು. "ಆ ಕಾಗದಕ್ಕ ಮಾತ್ರ ಸಹಿ ಹಾಕಬ್ಯಾಡ್ರಿ. ಮೊದಲ ಆಕೀ ಮಾರಿ ನೋಡಿ ಬರ್ರಿ."

ಭಾನುವಾರ ಆಸ್ಪತ್ರೆಗೆ ಹೋದೆ. ಝಾಕಣವಾಲಿ ಗೋಡೆಗೆ ಒರಗಿ ಕೂತಿದ್ದಳು. ಕೈ ಬಟ್ಟೆಯ ಉಂಡೆಯಾಗಿತ್ತು. ನನಗಿಂತ ಮೊದಲೇ ಮುಕಾದಮ ಬಂದು ಹೋಗಿದ್ದ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಕಸ ಗುಡಿಸುವ ಕೆಲಸ ಕೊಡುತ್ತಾರೆ ಎಂದಿದ್ದನಂತೆ.

"ನಾ ಒತ್ತಲಿಲ್ಲ," ಎಂದಳು. "ಜಾಳಿ ನಾನ ತಗದೀನಿ ಅಂತ ಬರದಾರಂತ. ತಮ್ಮಾ, ನಾ ದೀಪಾವಳಿ ಆದಮ್ಯಾಲೆ ಆ ಪ್ರೆಸ್ಸಿಗೆ ಬಂದಾಕಿ. ನಾ ಬಂದಾಗ ಅಲ್ಲೆ ಜಾಳಿನ ಇರಲಿಲ್ಲ. ಇಲ್ಲದ್ದನ್ನ ನಾ ಹೆಂಗ ತಗೀಲಿ? ಕೈಬಳ್ಳು ಹೋದ್ವು, ಹೋಗ್ಲಿ. ಸುಳ್ಳಾಕಿ ಅನಿಸ್ಕೊಂಡು ಹೆಂಗ ಬಾಳ್ಲಿ?"

ನಾನು ಅವಳ ಮುಖ ನೋಡದೆ ಹೇಳಿದೆ: "ಅಕ್ಕಾ, ಜಾಳಿ ತಗದಾಂವ ನಾನ. ಶ್ರಾವಣದಾಗ ಸಾಹೇಬ್ರು ಹೇಳಿದ್ರು, ತಗದೆ. ನಿಮ್ಮನ್ನ ಇಲ್ಲಿಗೆ ತಂದು ಬಿಟ್ಟು ಹೋಗಿ, ಅದ ಸಂಜೀಮುಂದ ತಿರುಗಿ ಕೂಡಿಸಿದಾಂವನೂ ನಾನ."

ಪಕ್ಕದ ಹಾಸಿಗೆಯ ಮುದುಕಿ ನೀರು ಕೇಳಿದಳು. ಝಾಕಣವಾಲಿ ಎಡಗೈಯಿಂದ ತಂಬಿಗೆ ಎತ್ತಿ ಬಗ್ಗಿಸಿ ಕೊಟ್ಟಳು, ಅರ್ಧ ಚೆಲ್ಲಿತು. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ನ ಬೈಯೂ ಹೊತ್ತು ಬಂದಾಗ ಬೈತೀನಿ. ಈಗ ಒಂದು ಹೇಳು. ನನ್ನ ಮುಂದ ಹೇಳಿದ್ದನ್ನ ಕೋರ್ಟಿನಾಗ ಹೇಳ್ತೀಯೋ ಇಲ್ಲೋ?"

"ಹೇಳ್ತೀನ್ರಿ," ಎಂದೆ.

ಇಡೀ ಪ್ರಕರಣದಲ್ಲಿ ತಿರುವು ಎನ್ನಬಹುದಾದದ್ದು ಆ ಒಂದು ಮಾತು. ಉಳಿದದ್ದೆಲ್ಲ ಅದನ್ನು ಉಳಿಸಿಕೊಳ್ಳುವ ಕೆಲಸ.

ಪುಣೆಯಲ್ಲಿ ಧಾರವಾಡದ ಕಡೆಯ ವಕೀಲರೊಬ್ಬರಿದ್ದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ, ಆದರೆ ಕಾಯದೆಯ ಒಂದೊಂದು ಸಾಲೂ ಬಾಯಲ್ಲಿ. ಮರುದಿನ ಸಂಜೆ ಅವರ ಮನೆಗೆ ಹೋದೆ. ನನ್ನ ಕಥೆ ಕೇಳಿ ಅವರು ಮೊದಲು ಮಾಡಿದ್ದು ಕಾಗದ ಹುಡುಕುವ ಕೆಲಸ.

"ಮೊದಲ ನೋಟೀಸು, ಮೇಸ್ತ್ರಿ. ಯಾವಾಗ, ಎಲ್ಲೆ, ಯಾವ ಯಂತ್ರದಾಗ, ಏನಾತು. ತಡಾ ಆದಷ್ಟೂ ಅವರಿಗೆ ಅನುಕೂಲ."

ಬರೆಯುತ್ತಲೇ ಅವರು ನನಗೆ ಕಾಯದೆ ಕಲಿಸಿದರು. ಯಂತ್ರಕ್ಕೆ ಸಿಕ್ಕು ಗಾಯವಾದ ಕೂಲಿಗೆ ಪರಿಹಾರ ಕೊಡಬೇಕೆಂಬ ಕಾಯದೆ ಬಂದು ವರ್ಷಗಳೇ ಆಗಿದ್ದವು. ನಮ್ಮ ಶೆಡ್ಡಿನಲ್ಲಿ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಯಾವ ಬೆರಳು ಹೋದರೆ ಎಷ್ಟು ನಷ್ಟವೆಂದು ಅದರಲ್ಲಿ ಪಟ್ಟಿಯೇ ಇದೆ ಎಂದರು.

"ಆಕಿ ಗಮನಾ ಬ್ಯಾರೆ ಕಡೆ ಇತ್ತು, ಕೈ ಯಾಕ ಒಳಗ ಹಾಕಿದ್ಲು, ಇವೆಲ್ಲಾ ಈ ಕಾಯದೆದಾಗ ನಡಿಯಂಗಿಲ್ರಿ," ಎಂದರು. "ಹೆಬ್ಬೆಟ್ಟು ಒತ್ತಿಸ್ಕೊಂಡು ಹಕ್ಕು ಬಿಡಿಸ್ಕೊಂಡ್ರೂ ಆ ಕಾಗದ ನಿಲ್ಲಂಗಿಲ್ಲ. ಆದ್ರ ಒಂದು ಬಾಗಿಲಾ ಅದ. ರಕ್ಷಣಾಕ್ಕ ಇಟ್ಟ ಜಾಳೀನ ಆಕಿ ಬೇಕಂತ ತಗದಾಳ ಅಂತ ಅವರು ಸಾಬೀತು ಮಾಡಿದ್ರ ಕೇಸು ಮುಗೀತು. ಅವರು ಹಿಡದದ್ದೂ ಅದನ್ನ."

"ನಾನು ತಗದೆ ಅಂತ ನಾನ ಹೇಳ್ತೀನಲ್ರಿ."

"ನೀವು ಹೇಳ್ತೀರಿ, ಮ್ಯಾನೇಜರು ಇಲ್ಲ ಅಂತಾರ. ಇಬ್ಬರ ಮಾತಿನಾಗ ಯಾರದು ತೂಕ? ಯಂತ್ರಾ ಏನರ ಹೇಳ್ತದೇನು, ಅದನ್ನ ವಿಚಾರ ಮಾಡ್ರಿ."

ನೋಟೀಸು ಕಾರ್ಖಾನೆಗೆ ತಲುಪಿದ ದಿನವೇ ನಾನು ಸಹಿ ಹಾಕದೆ ಕಾಗದ ಮರಳಿಸಿದೆ. ಮ್ಯಾನೇಜರ್ ಸಾಹೇಬರು ಸಿಟ್ಟು ಮಾಡಲಿಲ್ಲ. ಯೋಚನೆ ಮಾಡು ಎಂದು ಎರಡು ದಿನ ಕೊಟ್ಟರು. ಮೂರನೆಯ ದಿನ ಗೇಟಿನಲ್ಲಿ ನನ್ನನ್ನು ತಡೆದು, ಪಾನಾ, ಅರ ಮುಂತಾದ ನನ್ನ ಸ್ವಂತ ಹತ್ಯಾರಗಳನ್ನು ಒಂದು ಗೋಣಿಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಸೈಕಲ್ ರಿಪೇರಿಯ ಅಂಗಡಿಯೊಂದರಲ್ಲಿ ಕೂತೆ. ವಿಚಾರಣೆ ಮುಂದೆ ಮುಂದೆ ಹೋಯಿತು. ಆ ಅಂಗಡಿಗೆ ಒಂದು ದಿನ ಗಿರಾಕಿಯೊಬ್ಬ ತನ್ನ ಹಳೆಯ ಸೈಕಲ್ಲಿಗೆ ಬಣ್ಣ ಹಚ್ಚಿಸಲು ಬಂದ. ಮೇಲೆ ಕಟ್ಟಿದ್ದ ಬುಟ್ಟಿಯನ್ನು ತೆಗೆಯದೆ ಸುತ್ತಲೂ ಹಚ್ಚಿದೆ. ಕೆಲ ದಿನಗಳ ಮೇಲೆ ಅವನು ಬುಟ್ಟಿ ಬಿಚ್ಚಿಸಿದಾಗ ಅದರ ಅಡಿಯಲ್ಲಿ ಹಳೆಯ ಬಣ್ಣವೇ ಉಳಿದಿತ್ತು. ನಾನು ಪಾನಾ ಹಿಡಿದು ಹಾಗೇ ನಿಂತುಬಿಟ್ಟೆ.

ಅಪಘಾತದ ಸಂಜೆ ಟ್ಯಾಪಿನಿಂದ ಉದುರಿದ ಹಸಿರು ಪುಡಿ ನೆನಪಾಗಿತ್ತು. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಕಾರ್ಖಾನೆಯ ಯಂತ್ರಗಳಿಗೆಲ್ಲ ಹೊಸ ಬಣ್ಣ ಹಚ್ಚುತ್ತಿದ್ದರು. ಹಿಂದಿನ ವರ್ಷದವರೆಗೂ ಬೂದಿ ಬಣ್ಣ, ಈ ಸಲ ಮೊದಲ ಬಾರಿಗೆ ಹಸಿರು. ಜಾಳಿ ಯಂತ್ರದ ಮೇಲೆ ಇದ್ದಿದ್ದರೆ ಅದರ ಪಾದದ ಅಡಿಗೆ ಹಸಿರು ಹೋಗುತ್ತಿರಲಿಲ್ಲ. ಹೋಗಿದೆ ಎಂದರೆ ದಸರೆಯ ಹೊತ್ತಿಗೆ ಜಾಳಿ ಅಲ್ಲಿರಲಿಲ್ಲ. ಝಾಕಣವಾಲಿ ಆ ಪ್ರೆಸ್ಸಿಗೆ ಬಂದದ್ದು ದೀಪಾವಳಿಯ ನಂತರ, ಅದು ಹಾಜರಿ ಪಟ್ಟಿಯಲ್ಲೇ ಇದೆ.

ಅಂಗಡಿ ಮುಚ್ಚಿದವನೇ ವಕೀಲರ ಮನೆಗೆ ಓಡಿದೆ. ಅವರು ಎರಡು ಸಲ ಹೇಳಿಸಿ ಕೇಳಿದರು. ಕಿವಿಯ ಹಿಂದೆ ಅಂಗೈ ಹಿಡಿದು ಮೂರನೆಯ ಸಲವೂ ಕೇಳಿದರು. ಮುದುಕರ ಮುಖ ಅರಳಿತು.

"ಈ ಮಾತು ಮನಿಯಾಗ ಹೆಂಡತಿ ಮುಂದ ಸುದ್ದಾ ಆಡಬ್ಯಾಡ್ರಿ," ಎಂದರು. "ಅವರಿಗೆ ತಿಳೀತಂದ್ರ ಅರ ಹಾಕಿ ತಿಕ್ಕಿ ಬಿಡತಾರ."

ವಿಚಾರಣೆ ನಡೆದದ್ದು ವೈಶಾಖದ ಬಿಸಿಲಿನಲ್ಲಿ. ಇಂಥ ಪ್ರಕರಣಗಳನ್ನು ನೋಡುವ ಅಧಿಕಾರಿಯನ್ನು ಕಮಿಷನರ್ ಎನ್ನುತ್ತಿದ್ದರು. ಕಡಿಮೆ ಮಾತಿನವರು. ತಾವೇ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಮೊದಲು ಮ್ಯಾನೇಜರ್ ಸಾಹೇಬರ ಸಾಕ್ಷಿ. ಜಾಳಿ ಸದಾ ಇತ್ತು, ಆ ಬೆಳಿಗ್ಗೆ ಈ ಹೆಂಗಸೇ ತೆಗೆದಳು, ಎಂದರು. ನಮ್ಮ ವಕೀಲರು ಎದ್ದು, ತೀರ ಸಾಮಾನ್ಯವೆನ್ನುವಂತೆ ಕೇಳಿದರು:

"ಎಣ್ಣೆ ಹಾಕಲು, ಒರೆಸಲು, ರಿಪೇರಿಗೆ, ಎಂದಾದರೂ ಜಾಳಿ ತೆಗೆಯುತ್ತಿದ್ದಿರಾ?"

"ಒಂದು ದಿನವೂ ಇಲ್ಲ. ನಮ್ಮಲ್ಲಿ ಕಟ್ಟುನಿಟ್ಟು. ಕೂಡಿಸಿದ ದಿನದಿಂದ ಆ ಬೆಳಿಗ್ಗೆಯವರೆಗೆ ಯಾರೂ ತೆಗೆದಿಲ್ಲ."

"ಯಂತ್ರಗಳನ್ನು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದೇನೆ. ಬಣ್ಣ ಎಂದು ಹಚ್ಚಿದ್ದು?"

"ದಸರೆಗೆ. ಪ್ರತಿ ವರ್ಷ ಹಚ್ಚುತ್ತೇವೆ. ಈ ಸಲ ಹಸಿರು," ಎಂದು ಮ್ಯಾನೇಜರ್ ಸಾಹೇಬರು ಅಭಿಮಾನದಿಂದಲೇ ಹೇಳಿದರು.

ವಕೀಲರು ಕೂತುಬಿಟ್ಟರು. ಆಮೇಲೆ ನನ್ನ ಸರದಿ. ಶ್ರಾವಣದಲ್ಲಿ ತೆಗೆದದ್ದು, ಅಪಘಾತದ ಸಂಜೆ ಕೂಡಿಸಿದ್ದು, ಎರಡನ್ನೂ ಹೇಳಿದೆ. ಕಾರ್ಖಾನೆಯ ವಕೀಲರು ನನ್ನ ಹತ್ತಿರ ಬಂದರು.

"ಕೆಲಸದಿಂದ ತೆಗೆದ ಸಿಟ್ಟು ನಿನಗೆ. ಮೇಲೆ ಅವಳು ನಿಮ್ಮ ಭಾಷೆಯವಳು. ಹೌದೋ ಅಲ್ಲವೋ?"

"ಹೌದು, ನಮ್ಮ ಭಾಷೆಯವಳು," ಎಂದೆ. "ಯಂತ್ರಕ್ಕೆ ಬಣ್ಣ ಹಚ್ಚಿದವನು ನಿಮ್ಮ ಭಾಷೆಯವನು. ಆ ಬಣ್ಣ ಜಾಳಿಯ ಪಾದದ ಅಡಿಯಲ್ಲಿ ಇದೆ. ಕಮಿಷನರ್ ಸಾಹೇಬರು ಬಂದು ಜಾಳಿ ಬಿಚ್ಚಿಸಿ ನೋಡಲಿ."

ಕಮಿಷನರರ ಲೇಖನಿ ನಿಂತಿತು. ನಮ್ಮ ವಕೀಲರು ಎದ್ದು ಇವತ್ತೇ, ಈಗಲೇ ನೋಡಬೇಕೆಂದು ಕೇಳಿಕೊಂಡರು. ಕಮಿಷನರರು ಗಡಿಯಾರ ನೋಡಿದರು, ಕಾಗದ ಮಡಚಿದರು, ಟೋಪಿ ತೆಗೆದುಕೊಂಡರು. ನಾವೆಲ್ಲ ಮೂರು ಟಾಂಗಾಗಳಲ್ಲಿ ಹೊರಟೆವು. ಮ್ಯಾನೇಜರ್ ಸಾಹೇಬರನ್ನು ಕಮಿಷನರರು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಶೆಡ್ಡಿನಲ್ಲಿ ಯಂತ್ರಗಳೆಲ್ಲ ನಿಂತವು. ಕೂಲಿಗಳು ಗೋಡೆಗೆ ಸರಿದು ನಿಂತರು. ಝಾಕಣವಾಲಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಮೂರನೆಯ ಪ್ರೆಸ್ಸಿನ ಎದುರಿಗೆ ಬಂದಳು. ಅಪಘಾತದ ನಂತರ ಅವಳು ಅದನ್ನು ನೋಡಿದ್ದು ಅದೇ ಮೊದಲು. ನನ್ನ ಕೈಗೆ ಪಾನಾ ಕೊಟ್ಟರು. ಎಡಗಡೆಯ ಎರಡು ಬೋಲ್ಟು ಬಿಚ್ಚಿ ಪಾದವನ್ನು ಎತ್ತಿದೆ.

ಅಡಿಯಲ್ಲಿ ಬರಿ ಕಬ್ಬಿಣ. ಬಿಳಿಯಾಗಿ ಹೊಳೆಯುತ್ತಿತ್ತು.

ಕಾರ್ಖಾನೆಯ ವಕೀಲರು ಸಣ್ಣಗೆ ನಕ್ಕರು. "ಎಲ್ಲಿದೆಯಪ್ಪ ನಿನ್ನ ಹಸಿರು?" ನಮ್ಮ ವಕೀಲರು ನನ್ನನ್ನೇ ನೋಡಿದರು. ಯಾರಾದರೂ ತಿಕ್ಕಿದ್ದಾರೆಯೇ? ಬೆರಳಾಡಿಸಿ ನೋಡಿದೆ. ಅರದ ಗೀರುಗಳು ಓರೆಯಾಗಿ, ಒಂದೇ ಕಡೆಗೆ ಬಾಗಿದ್ದವು. ನಾನು ಅರ ಹಿಡಿಯುವ ರೀತಿ ಅದು. ಆಗ ನೆನಪಾಯಿತು: ಆ ಸಂಜೆ ಜಾಳಿ ಅಲುಗಾಡುತ್ತಿತ್ತು. ಎಡಪಾದ ಸಮನಾಗಿ ಕೂರಲೆಂದು ಅದರ ಅಡಿಯ ಜಾಗಕ್ಕೆ ನಾನೇ ಅರ ಹಾಕಿದ್ದೆ. ಕೆಲಸ ನೇರವಾಗಿರಬೇಕೆಂಬ ನನ್ನ ಚಾಳಿ ನನ್ನ ಸಾಕ್ಷಿಯನ್ನೇ ತಿಂದಿತ್ತು.

"ಸಾಹೇಬರೇ, ಇದನ್ನು ಅರ ಹಾಕಿ ತಿಕ್ಕಿದವನು ನಾನೇ. ಅದನ್ನು ಹೇಳಲು ಮರೆತಿದ್ದೆ. ಬಲಗಡೆ ಅರ ಹಾಕಿಲ್ಲ," ಎಂದೆ.

"ಬಿಚ್ಚು," ಎಂದರು ಕಮಿಷನರರು.

ಮೂರನೆಯ ಬೋಲ್ಟು. ನಾಲ್ಕನೆಯದು. ಪಾದ ಬಣ್ಣಕ್ಕೆ ಅಂಟಿಕೊಂಡಿತ್ತು. ಪಾನಾದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಬಿಟ್ಟುಕೊಂಡಿತು. ಅಡಿಯಲ್ಲಿ ಇಡೀ ಪಾದದಗಲ ಹಸಿರು, ಕುಂಚದ ಎಳೆಗಳು ಸಹ ಕಾಣುವ ಹಾಗೆ. ಕಮಿಷನರರು ಬಗ್ಗಿದರು, ಜೇಬಿನಿಂದ ಚಾಕು ತೆಗೆದು ಒಂದು ಮೂಲೆಯನ್ನು ತಾವೇ ಕೆರೆದರು. ಹಸಿರಿನ ಅಡಿಯಲ್ಲಿ, ಜಾಳಿ ಕೂಡಿಸುವ ಮೊದಲೇ ಹಚ್ಚಿದ್ದ ಹಳೆಯ ಬೂದಿ ಬಣ್ಣ. ಬೋಲ್ಟಿನ ರಂಧ್ರದೊಳಗೆ ಚಾಕುವಿನ ತುದಿ ಹಾಕಿ ತೆಗೆದರು. ತುದಿಗೆ ಹಸಿರು ಎಳೆಯೊಂದು ಅಂಟಿತ್ತು.

ಮ್ಯಾನೇಜರ್ ಸಾಹೇಬರು ತಟ್ಟನೆ ಹೇಳಿದರು: "ಬಣ್ಣ ಹಚ್ಚುವಾಗ ಜಾಳಿ ತೆಗೆದು, ಮತ್ತೆ ಕೂಡಿಸಿರಬಹುದು."

ಕಮಿಷನರರು ಎದ್ದು ನಿಂತು, ಬೆಳಿಗ್ಗೆ ಬರೆದುಕೊಂಡಿದ್ದ ಹಾಳೆಯನ್ನು ಬಿಡಿಸಿ ಓದಿದರು. ಕೂಡಿಸಿದ ದಿನದಿಂದ ಆ ಬೆಳಿಗ್ಗೆಯವರೆಗೆ ಯಾರೂ ತೆಗೆದಿಲ್ಲ. ಓದಿ ಮಡಚಿಟ್ಟರು.

ಆಗ ಝಾಕಣವಾಲಿ ಸೆರಗಿನಿಂದ ಕೈ ಹೊರತೆಗೆದಳು. ಎರಡು ಬೆರಳಿನ ಆ ಕೈಯನ್ನು ಬಣ್ಣದ ಮೇಲೆ ಇಟ್ಟಳು. ಗೋಡೆಯ ಬದಿಯಲ್ಲಿ ನಿಂತಿದ್ದ ಕೂಲಿಗಳ ಕಡೆ ತಿರುಗಿ ತನ್ನ ಹರುಕು ಮರಾಠಿಯಲ್ಲಿ ಹೇಳಿದಳು: "ನೋಡ್ರಿ ಎಲ್ಲರೂ. ನಾನು ಸುಳ್ಳು ಹೇಳಿರಲಿಲ್ಲ."

ಕೆಲವು ದಿನಗಳ ನಂತರ ತೀರ್ಪು ಬಂತು. ಜಾಳಿಯನ್ನು ಅವಳು ತೆಗೆದಿಲ್ಲ, ಪಟ್ಟಿಯಲ್ಲಿರುವ ಪ್ರಕಾರ ಪರಿಹಾರ ಕೊಡತಕ್ಕದ್ದು. ವಕೀಲರು ಅದನ್ನು ಕನ್ನಡದಲ್ಲಿ ಹೇಳಿದಾಗ ಅವಳು ಮೊದಲ ಸಾಲನ್ನು ಮತ್ತೊಮ್ಮೆ ಓದಿಸಿದಳು. ಎರಡನೆಯ ಸಾಲನ್ನು ಕೇಳಲೇ ಇಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಆಸ್ಪತ್ರೆಯಲ್ಲಿ ಬಾಕಿ ಇಟ್ಟಿದ್ದ ಬೈಗುಳವನ್ನೆಲ್ಲ ನನಗೆ ಬೈದಳು. ವಿಜಾಪುರದ ಬೈಗುಳ, ಒಂದೂ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಪೂರ್ತಿ ಕೇಳಿದೆ. ಕೊನೆಗೆ, "ನಡಿ, ನಿನ್ನ ಹೆಂಡ್ತಿ ಕೈಯಾಗಿನ ರೊಟ್ಟಿ ತಿನ್ನೂಣು," ಎಂದಳು.

ಆ ಕಾರ್ಖಾನೆ ನನ್ನನ್ನು ಮತ್ತೆ ಕರೆಯಲಿಲ್ಲ. ನಾನೂ ಹೋಗಲಿಲ್ಲ. ಸೈಕಲ್ ಅಂಗಡಿಯ ಹಿಂದಿನ ಜಾಗದಲ್ಲಿ ಒಂದು ಜಾಳಿ ಮಾಡಿದೆ. ಅದನ್ನು ಪ್ರೆಸ್ಸಿನ ಪೆಡಲಿಗೆ ಸರಳಿನಿಂದ ಜೋಡಿಸುವಂತೆ ಮಾಡಿದ್ದೆ. ಜಾಳಿ ಪೂರ್ತಿ ಕೆಳಗಿಳಿಯದೆ ಪೆಡಲ್ ಇಳಿಯುವುದಿಲ್ಲ. ಬಿಚ್ಚಿ ಎಸೆದರೆ ಪ್ರೆಸ್ಸೇ ನಡೆಯುವುದಿಲ್ಲ. ಮೊದಲನೆಯದು ವಕ್ರವಾಗಿ ಕಚ್ಚಿತು, ಎರಡನೆಯದರ ಸರಳು ಬಾಗಿತು. ಮೂರನೆಯದನ್ನು ಊರಿನ ಇನ್ನೊಂದು ಡಬ್ಬಿ ಕಾರ್ಖಾನೆಯವರು ಹಾಕಿಸಿಕೊಂಡರು. ಆಮೇಲೆ ಮತ್ತೊಬ್ಬರು. ನನ್ನ ಕೈಯ ಯಾವ ಕೆಲಸದ ಬಗ್ಗೆಯೂ ನನಗೆ ಅಷ್ಟು ಹೆಮ್ಮೆ ಇಲ್ಲ. ಅದರ ಮೇಲೆ ಹೆಸರು ಕೊರೆಸು ಎಂದು ಹಲವರು ಹೇಳಿದರು. ಬೇಡವೆಂದೆ.

ಝಾಕಣವಾಲಿ ಹೆಬ್ಬೆರಳು ಕಿರುಬೆರಳಿನ ನಡುವೆ ಸೌಟು ಹಿಡಿಯಲು ಕಲಿತು ಒಂದು ಖಾನಾವಳಿ ಇಟ್ಟಳು. ಊಟಕ್ಕೆ ಬರುತ್ತಿದ್ದವರು ಮಿಲ್ಲು, ಪ್ರೆಸ್ಸು, ಗರಗಸದ ಕೆಲಸದವರು. ಯಾರದಾದರೂ ಕೈಗೆ ಬಟ್ಟೆ ಸುತ್ತಿದ್ದರೆ ಬಡಿಸುವ ಮೊದಲು ಅವಳು ಕೇಳುತ್ತಿದ್ದ ಪ್ರಶ್ನೆ, ನೋಟೀಸು ಕೊಟ್ಟೆಯಾ ಎಂದು.

ವರ್ಷಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ಮನೆಯಲ್ಲಿ ಊಟಕ್ಕೆ ಕೂತಾಗ, ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಗಂಡ ಗರಗಸದ ಮಿಲ್ಲಿನಲ್ಲಿ ಕೆಲಸಕ್ಕಿದ್ದನಂತೆ, ಬೆಳಿಗ್ಗೆ ತೋಳು ಯಂತ್ರಕ್ಕೆ ಸಿಕ್ಕಿತಂತೆ. ಕೈಯಲ್ಲಿ ಆಗಲೇ ಬರೆಸಿದ ನೋಟೀಸು ಇತ್ತು.

"ಝಾಕಣವಾಲಿ ಬಾಯಾರು ಕಳಿಸ್ಯಾರ್ರಿ. ನೋಟೀಸು ಬರಿಸ್ಯಾರ. ಈಗ ಏನು ಮಾಡಬೇಕಂತ ನಿಮ್ಮನ್ನ ಕೇಳಂದ್ರು."

ನಾನು ತಾಟು ಸರಿಸಿ ಎದ್ದು, ಚಪ್ಪಲಿ ಹುಡುಕುತ್ತಲೇ ಹೇಳಿದೆ:

"ಲಗೂ ಮಿಲ್ಲಿಗೆ ಹೋಗು ತಂಗಿ, ನಾ ನಿನ್ನ ಹಿಂದ ಬಂದೆ. ನಾ ಬರೂತನಕ ಆ ಯಂತ್ರಾ ಯಾರೂ ಮುಟ್ಟಬಾರದು. ಫಿಟ್ಟರ್ ಸುದ್ದಾ."